ನಸುಕು–ಮಧ್ಯಾಹ್ನದ ಅಂತರ ನೋಡಿ ಕೆರೆಯ ಪಾಚಿ ಹಿಡಿಯುವುದು

ವಿಜಯಪುರದ ಭೂತನಾಳ ಕೆರೆಯಾಗಲಿ, ಬೇಗಂ ತಲಾಬ್ ಆಗಲಿ, ಏಪ್ರಿಲ್–ಮೇ ಬಿಸಿಲಿಗೆ ನೀರು ತಗ್ಗಿ ಬೆಚ್ಚಗೆ ನಿಂತರೆ ಪಾಚಿಗೆ ಹಬ್ಬ. ಪಾಚಿಯನ್ನೇ ಅಳೆಯುವ ಫ್ಲೋರೋಮೀಟರ್ ದುಬಾರಿ. ಅದರ ಉಸಿರಾಟ ಅಳೆದರೂ ಕೆಲಸ ಆಗುತ್ತದೆ. ಬಿಸಿಲಿರುವಾಗ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಆಮ್ಲಜನಕ ಬಿಡುತ್ತದೆ, ನೀರಿನ ಪಿಎಚ್ ಏರುತ್ತದೆ. ರಾತ್ರಿ ಎರಡೂ ಇಳಿಯುತ್ತವೆ. ನಸುಕಿನ 5:30ರ ಮತ್ತು ಮಧ್ಯಾಹ್ನ 3ರ ಅಂಕಿಗಳ ಅಂತರ ದಿನೇ ದಿನೇ ಹಿಗ್ಗುತ್ತಿದ್ದರೆ ಪಾಚಿ ಹೆಚ್ಚುತ್ತಿದೆ ಎಂದೇ ಲೆಕ್ಕ.

ಬೇಕಾದದ್ದು: ಇಎಸ್‌ಪಿ32 ಬೋರ್ಡ್ (ಸೆನ್ಸರ್ ಓದುವ ಪುಟ್ಟ ಕಂಪ್ಯೂಟರ್), ಪಿಎಚ್ ಪ್ರೋಬ್, ಕರಗಿದ ಆಮ್ಲಜನಕದ ಗ್ಯಾಲ್ವಾನಿಕ್ ಪ್ರೋಬ್, ಉಷ್ಣಾಂಶಕ್ಕೆ ಡಿಎಸ್18ಬಿ20 (ಡೇಟಾ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್), ಜೊತೆಗೆ ಪ್ರೋಬ್ ವೋಲ್ಟೇಜನ್ನು ಅಂಕಿಯಾಗಿಸುವ (ಎಡಿಸಿ) ಚಿಪ್ ಎಡಿಎಸ್1115. ಇಎಸ್‌ಪಿ32ರ ಸ್ವಂತ ಎಡಿಸಿ ಸೊಟ್ಟ ಓದುತ್ತದೆ, ಅದನ್ನು ನಂಬಬೇಡಿ.

ಬಕೆಟ್‌ನಲ್ಲಿ ಸರಿಯಾಗಿದ್ದ ಪಿಎಚ್, ಪಕ್ಕದಲ್ಲಿ ಆಮ್ಲಜನಕದ ಪ್ರೋಬ್ ಇಳಿಸಿದ ಕೂಡಲೇ ಜಿಗಿಯಿತೇ? ಪ್ರೋಬ್ ಕೆಟ್ಟಿಲ್ಲ. ಎರಡರ ಗ್ರೌಂಡ್ ಒಂದೇ ಆಗಿದ್ದು, ನೀರಿನ ಮೂಲಕ ಕರೆಂಟ್ ಹರಿಯುತ್ತಿದೆ. ಒಂದೊಂದಕ್ಕೂ ಬೇರೆ ಐಸೊಲೇಟರ್ (ವಿದ್ಯುತ್ ಸಂಪರ್ಕ ಬೇರ್ಪಡಿಸುವ ಬಿಡಿಭಾಗ) ಹಾಕಿ.

ಪಿಎಚ್ ಹೊಂದಿಸಲು 7.00 ಮತ್ತು 9.18ರ ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಬಳಸಿ. 4.00 ಇಲ್ಲಿ ಉಪಯೋಗಕ್ಕಿಲ್ಲ, ಪಾಚಿಗಟ್ಟಿದ ನೀರಿನ ಪಿಎಚ್ ಮಧ್ಯಾಹ್ನ 9 ದಾಟುತ್ತದೆ. ಪ್ರೋಬ್ ಹೊಸದಿದ್ದಾಗ ಎರಡೂ ಬಫರ್‌ಗಳ ನಡುವೆ ಬಂದ ವೋಲ್ಟೇಜ್ ಅಂತರ ಬರೆದಿಡಿ. ಅದು ಮುಂದೆ ಶೇ 85ಕ್ಕಿಂತ ಕೆಳಗಿಳಿದರೆ ಪ್ರೋಬ್ ಬದಲಿಸಿ. ಎತ್ತಿಡುವಾಗ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿಡಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಅಲ್ಲ.

ಊರು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ 30 ಡಿಗ್ರಿಯ ನೀರು ಗಾಳಿಯಿಂದ ತುಂಬಾ ಹಿಡಿದರೂ ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವಷ್ಟೇ. ಮಧ್ಯಾಹ್ನ 11 ಮಿಲಿಗ್ರಾಂ ತೋರಿಸಿದರೆ ಗಾಬರಿ ಬೇಡ, ಅದು ಪಾಚಿಯ ಕೊಡುಗೆ. ನಸುಕಿನಲ್ಲಿ 3ಕ್ಕಿಂತ ಕೆಳಗಿಳಿದರೆ ಮಾತ್ರ ಮೀನಿಗೆ ಕಂಟಕ.

ತೇಲಲು ಎರಡೂ ತುದಿಗೆ ಕ್ಯಾಪ್ ಅಂಟಿಸಿದ 4 ಇಂಚಿನ ಪಿವಿಸಿ ಪೈಪ್ ಸಾಕು. ಪ್ರೋಬ್ ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗಿರಲಿ. ಲಂಗರಿಗೆ ಕಾಂಕ್ರೀಟ್ ತುಂಬಿದ ಡಬ್ಬಿ. ಹಗ್ಗ ನೀರಿನ ಆಳದ ಒಂದೂವರೆ ಪಟ್ಟು. ಪಾಲಿಕೆಯ ಅನುಮತಿ ಮೊದಲೇ ಪಡೆಯಿರಿ.

ಹೆಚ್ಚು ಜನ ಮೋಸ ಹೋಗುವುದು ಲೋಳೆಯಿಂದ. ವಾರದಲ್ಲೇ ಪ್ರೋಬ್‌ನ ಪೊರೆಗೆ ಹಸಿರು ಲೋಳೆ ಅಂಟುತ್ತದೆ. ಅದೂ ಪಾಚಿಯೇ, ಹಗಲು ಆಮ್ಲಜನಕ ಬಿಟ್ಟು ರಾತ್ರಿ ಹೀರುತ್ತದೆ. ಕೆರೆ ಚೆನ್ನಾಗಿದ್ದರೂ ಅಂತರ ಹಿಗ್ಗಿದಂತೆ ಕಾಣುತ್ತದೆ! ವಾರಕ್ಕೊಮ್ಮೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಉಜ್ಜುವ ಮೊದಲು ಮತ್ತು ನಂತರದ ಅಂಕಿ ಎರಡನ್ನೂ ದಾಖಲಿಸಿ. ಅವು ತೀರಾ ಬೇರೆಯಾಗಿದ್ದರೆ ಆ ವಾರದ ಲೆಕ್ಕ ಕೈಬಿಡಿ.

ಮುಂಗಾರು ಗಾಳಿ ನೈಋತ್ಯದಿಂದ ಬೀಸುವಾಗ ಕೆನೆಗಟ್ಟಿದ ಪಾಚಿ ಈಶಾನ್ಯ ದಂಡೆಗೆ ಸೇರುತ್ತದೆ, ನಡುವಿನ ಸೆನ್ಸರ್‌ಗೆ ಸುಳಿವೂ ಸಿಗದು. ಕೈಗವಸು ಹಾಕಿ, ಪಾರದರ್ಶಕ ಬಾಟಲಿಯಲ್ಲಿ ಆ ದಂಡೆಯ ನೀರನ್ನು ಮುಕ್ಕಾಲು ತುಂಬಿ, ರಾತ್ರಿಯಿಡೀ ಅಲುಗಿಸದೆ ಇಡಿ. ಹಸಿರು ಮೇಲೆ ತೇಲಿ ಉಂಗುರ ಕಟ್ಟಿದರೆ ಬಹುತೇಕ ವಿಷಕಾರಿಯಾಗಬಲ್ಲ ನೀಲಿ-ಹಸಿರು ಪಾಚಿ. ಅದಲ್ಲವೆಂದು ಖಚಿತವಾಗುವವರೆಗೂ ದನಕರುಗಳನ್ನು ಆ ದಂಡೆಗೆ ಬಿಡಬೇಡಿ. ನೀರು ಕುದಿಸಿದರೂ ಅದರ ವಿಷ ಹೋಗುವುದಿಲ್ಲ.