ಒಂದು ರೈಫಲ್, ಹತ್ತು ಶೆಡ್: ಪೀಣ್ಯದಿಂದ ನನ್ನ ಅನುಭವ

ಪೀಣ್ಯದ ನನ್ನ ಶೆಡ್ಡಿಗೆ ಆ ಸೋಮವಾರ ನಾಲ್ಕು ಪೆಟ್ಟಿಗೆಗಳು ವಾಪಸ್ಸು ಬಂದವು. ಒಳಗೆ ಇದ್ದದ್ದು 240 ರೈಲುಗಳು. ರೈಲು ಎಂದರೆ ರೈಫಲ್‌ನ ನೆತ್ತಿಯ ಮೇಲೆ ಸ್ಕ್ರೂ ಹಾಕಿ ಕೂರಿಸುವ ಅಲ್ಯೂಮಿನಿಯಂ ಪಟ್ಟಿ. ಅದರ ಉದ್ದಕ್ಕೂ ಅಡ್ಡಡ್ಡವಾಗಿ ಸ್ಲಾಟ್‌ಗಳಿರುತ್ತವೆ. ಗುರಿ ನೋಡುವ ದುರ್ಬೀನಾದ ಸ್ಕೋಪನ್ನು ಹಿಡಿಯುವ ಉಂಗುರದ ಅಡ್ಡಕಡ್ಡಿ ಆ ಸ್ಲಾಟಿನೊಳಗೆ ಇಳಿದು ಕೂರಬೇಕು. ಡೆಲಿವರಿ ಚಲನ್‌ನ ಹಿಂದೆ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿತ್ತು: ಗೋ ಗೇಜ್ ಹೋಗುತ್ತಿಲ್ಲ. ಗೋ ಗೇಜ್ ಎಂದರೆ ಸ್ಲಾಟಿಗೆ ಬೇಕಾದಷ್ಟು ಅಗಲವಿದೆಯೇ ಎಂದು ಒಳಗೆ ತೂರಿಸಿ ನೋಡುವ ಅಳತೆಯ ತುಂಡು.

ನಾನು ನಂಬಲಿಲ್ಲ. ನಮ್ಮಲ್ಲಿಂದ ಹೊರಡುವಾಗ ಪ್ರತಿಯೊಂದು ರೈಲಿನ ಪ್ರತಿಯೊಂದು ಸ್ಲಾಟಿಗೂ ಗೇಜ್ ಹಾಕಿಸಿದ್ದೆ. ಸ್ಲಾಟಿನ ಅಗಲ 5.23 ಮಿಲಿಮೀಟರಿಗಿಂತ ಕಡಿಮೆಯಾಗಬಾರದು, ನಾವು 5.24 ಹಿಡಿದಿದ್ದೆವು. ಪೆಟ್ಟಿಗೆಯಿಂದ ಒಂದನ್ನು ತೆಗೆದು ಅದೇ ಗೇಜನ್ನು ಸ್ಲಾಟಿನ ಬಾಯಿಗೆ ಇಟ್ಟೆ. ನಿಂತಿತು. ಹೆಬ್ಬೆರಳಿನಿಂದ ಒತ್ತಿದೆ. ಆಗಲೂ ನಿಂತಿತು. ಹಿಂದಿನ ವಾರ ಬೆಳ್ಳಗೆ ಇದ್ದ ರೈಲು ಈಗ ಕಪ್ಪಗಿತ್ತು. ಆ ಕಪ್ಪಿನಲ್ಲಿಯೇ ಉತ್ತರವಿತ್ತು.

ಆ ಕಪ್ಪು ಹಾರ್ಡ್ ಅನೋಡೈಸಿಂಗಿನದು. ಅದು ಬಣ್ಣ ಬಳಿದ ಹಾಗಲ್ಲ. ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿದಾಗ ಅಲ್ಯೂಮಿನಿಯಂನ ಮೈಯೇ ಗಟ್ಟಿ ಪದರವಾಗಿ ಮಾರ್ಪಡುತ್ತದೆ. ಆ ಪದರದ ಸುಮಾರು ಅರ್ಧ ಲೋಹದೊಳಗೆ ಇಳಿಯುತ್ತದೆ, ಇನ್ನರ್ಧ ಹೊರಗೆ ಬೆಳೆಯುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. 50 ಮೈಕ್ರಾನ್ ಪದರ ಕೇಳಿದರೆ ಪ್ರತಿ ಮೈಯೂ 25 ಮೈಕ್ರಾನ್ ಉಬ್ಬುತ್ತದೆ. ಸ್ಲಾಟಿಗೆ ಎದುರುಬದುರಾಗಿ ಎರಡು ಗೋಡೆಗಳಿವೆ. ಎರಡೂ ಸೇರಿ 50 ಮೈಕ್ರಾನ್ ಕಿರಿದಾಗಿ ನಮ್ಮ 5.24 ಹೋಗಿ 5.19 ಆಗಿತ್ತು. ಡ್ರಾಯಿಂಗ್‌ನ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಎಲ್ಲ ಅಳತೆಗಳೂ ಲೇಪನದ ನಂತರದವು. ಅದನ್ನು ನಾನು ಓದಿದ್ದೆ, ಆದರೆ ನನ್ನ ಲೆಕ್ಕಕ್ಕೆ ತಂದಿರಲಿಲ್ಲ.

ಅನೋಡೈಸಿಂಗ್ ನಮ್ಮ ಶೆಡ್ಡಿನಲ್ಲಿ ಇಲ್ಲ. ಹೊರಗೆ ಕೊಡುತ್ತೇವೆ. ಆ ಶೆಡ್ಡಿನ ಮಾಲೀಕರಿಗೆ ಫೋನ್ ಮಾಡಿದೆ. "ಸರ್, 50 ಮೈಕ್ರಾನ್ ಕೇಳಿದಿರಿ, 50 ಕೊಟ್ಟಿದ್ದೇನೆ. ಎಷ್ಟು ಅಗಲ ಉಳಿಯಬೇಕೆಂದು ನೀವು ಹೇಳಲೇ ಇಲ್ಲವಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರಿಗೆ ನಾನು ಕಳುಹಿಸಿದ್ದು ಚಲನ್ ಮಾತ್ರ. ಡ್ರಾಯಿಂಗ್ ಕಳುಹಿಸಿರಲಿಲ್ಲ.

ಹತ್ತು ರೈಲುಗಳ ಪದರ ಬಿಡಿಸಿ ಮತ್ತೆ ಅನೋಡೈಸ್ ಮಾಡಿಸಿ ನೋಡಿದೆವು. ಪದರ ಹೋದಾಗ ಒಳಗಿಳಿದಿದ್ದ ಅರ್ಧವೂ ಹೋಗುತ್ತದೆಯಾದ್ದರಿಂದ ಎರಡನೇ ಸಲ ಅಳತೆ ಸರಿಬಂತು, ಗೇಜ್ ಸಲೀಸಾಗಿ ಇಳಿಯಿತು. ಆದರೆ ಮೈ ಹಾಳಾಗಿತ್ತು. ಅಲ್ಲಲ್ಲಿ ಸಣ್ಣ ಕುಳಿ, ಅಂಚಿನಲ್ಲಿ ಮಾಸಲು ಬೂದು. ಗ್ರಾಹಕರ ತಪಾಸಣಾ ಎಂಜಿನಿಯರ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮೇಜಿನ ಮೇಲಿಟ್ಟು ತಲೆ ಅಲ್ಲಾಡಿಸಿದರು. 240 ರೈಲುಗಳ ನಷ್ಟವನ್ನು ನಾನೇ ಹೊತ್ತುಕೊಂಡೆ. 7075 ದರ್ಜೆಯ ಅಲ್ಯೂಮಿನಿಯಂ ಕೊಂಡವರಿಗೆ ಆ ನೋವಿನ ತೂಕ ಗೊತ್ತಿರುತ್ತದೆ.

ಈ ಕೆಲಸ ನನಗೆ ಬಂದ ಬಗೆಯನ್ನು ಹೇಳಬೇಕು. ಅದಕ್ಕೂ ಮೊದಲು ನಮ್ಮ ಶೆಡ್ಡಿನಲ್ಲಿ ಪಂಪಿನ ಭಾಗಗಳು, ಯಂತ್ರೋಪಕರಣದ ಬ್ರಾಕೆಟ್‌ಗಳು ಆಗುತ್ತಿದ್ದವು. ಎರಡು ವಿಎಂಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರಗಳು, ಅದೇ ಬಗೆಯ ಒಂದು ಸಿಎನ್‌ಸಿ ಲೇತ್, ಹನ್ನೊಂದು ಜನ. ರಕ್ಷಣಾ ತಯಾರಿಕೆಯನ್ನು 2001ರಲ್ಲಿ ಖಾಸಗಿಯವರಿಗೆ ತೆರೆದ ಮೇಲೆ ನಿಧಾನವಾಗಿ ಹುಟ್ಟಿಕೊಂಡ ಪರವಾನಗಿದಾರ ಕಂಪನಿಗಳಲ್ಲಿ ಒಂದು, ರೈಲು ಮತ್ತು ಸ್ಕೋಪ್ ಉಂಗುರಗಳಿಗೆ ದರ ಕೇಳಿತು. ನಾನು ಮೊದಲು ಮಾಡಿದ ಕೆಲಸ ವಕೀಲರನ್ನು ಕಂಡದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧ ಎಂಬ ಪದದ ವ್ಯಾಖ್ಯೆಯೊಳಗೆ ಆಯುಧದ ಭಾಗಗಳೂ ಸೇರುತ್ತವೆ. ನಳಿಗೆ, ಅದರ ಹಿಂಬಾಯಿ ಮುಚ್ಚುವ ಬೋಲ್ಟ್, ಇವೆರಡನ್ನೂ ಹಿಡಿದಿಡುವ ರಿಸೀವರ್ ಇವುಗಳ ಹತ್ತಿರ ಪರವಾನಗಿ ಇಲ್ಲದವರು ಸುಳಿಯಲೂ ಬಾರದು. ನನಗೆ ಒಪ್ಪಿಸಬಹುದಾದ ಭಾಗ ಯಾವುದು, ಒಪ್ಪಿಸಬಾರದ್ದು ಯಾವುದು ಎಂಬುದನ್ನು ಆ ಕಂಪನಿಯೇ ಕಾಗದದ ಮೇಲೆ ಬರೆದುಕೊಟ್ಟ ನಂತರವೇ ದರ ಕೊಟ್ಟೆ. ಈ ದಾರಿಗೆ ಬರಬೇಕೆಂದಿರುವ ಗೆಳೆಯರಿಗೆಲ್ಲ ಇದನ್ನೇ ಹೇಳುತ್ತೇನೆ: ಯಂತ್ರ ಕೊಳ್ಳುವ ಮೊದಲು ಕಾಯ್ದೆ ಓದಿ.

ಅವರ ಕಾರ್ಖಾನೆಗೆ ಮೊದಲ ಸಲ ಹೋದಾಗ ನನಗೆ ಸ್ವಲ್ಪ ನಿರಾಸೆಯಾಯಿತು. ಕಬ್ಬಿಣ ಒಂದು ಬಾಗಿಲಲ್ಲಿ ಹೋಗಿ ರೈಫಲ್ ಇನ್ನೊಂದು ಬಾಗಿಲಲ್ಲಿ ಬರುತ್ತದೆ ಎಂದು ಕಲ್ಪಿಸಿಕೊಂಡಿದ್ದೆ. ಅಲ್ಲಿ ನಳಿಗೆಯ ಕೆಲಸ ಇತ್ತು, ರಿಸೀವರ್ ಮತ್ತು ಬೋಲ್ಟ್ ಇತ್ತು, ಜೋಡಣೆ ಮತ್ತು ಪರೀಕ್ಷಾ ಗುಂಡು ಹಾರಿಸುವ ವ್ಯವಸ್ಥೆ ಇತ್ತು. ಉಳಿದದ್ದೆಲ್ಲ ನೀಲಿ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಬಂದು ಕೂತಿತ್ತು. ಸ್ಪ್ರಿಂಗ್ ಒಬ್ಬರದು, ಪಿನ್ ಮತ್ತು ಸ್ಕ್ರೂ ಇನ್ನೊಬ್ಬರದು, ಗುಂಡು ತುಂಬುವ ಮ್ಯಾಗಜೀನ್ ಮತ್ತೊಬ್ಬರದು. ಹೀಟ್ ಟ್ರೀಟ್‌ಮೆಂಟಿಗೆ ಕೆಲವು ಭಾಗಗಳು ಹೊರಗೆ ಹೋಗಿ ಬರುತ್ತಿದ್ದವು. ಹಾಗಾದರೆ ಇವರು ರೈಫಲ್ ತಯಾರಕರು ಹೇಗೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಆ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲಿಯೇ ಇತ್ತು. ನಮ್ಮದು ಕೊಡಗು. ಅಜ್ಜನ ಜೋಡುನಳಿಗೆ ಕೋವಿಯ ಮೇಲೆ ಕಲ್ಕತ್ತದ ಅಂಗಡಿಯೊಂದರ ಹೆಸರನ್ನು ಬಳ್ಳಿಯ ಕೆತ್ತನೆಯ ನಡುವೆ ಅಂದವಾಗಿ ಕೊರೆದಿದ್ದಾರೆ. ಚಿಕ್ಕಂದಿನಲ್ಲಿ ಅದು ಕಲ್ಕತ್ತದ ಕೋವಿ ಎಂದೇ ನಂಬಿದ್ದೆ. ನಳಿಗೆಯನ್ನು ಬಿಚ್ಚಿ ಅಡಿಭಾಗ ನೋಡಿದರೆ ಕಿರೀಟದ ಕೆಳಗೆ ಬಿಪಿ, ಬಿವಿ ಎಂಬ ಮುದ್ರೆಗಳಿವೆ. ಅವು ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸಿನವು. 1813ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದ ಆ ಸಂಸ್ಥೆ, ಹೆಚ್ಚು ಒತ್ತಡದ ಗುಂಡು ಹಾರಿಸಿ ನಳಿಗೆ ತಾಳುತ್ತದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುತ್ತಿತ್ತು. ಕಲ್ಕತ್ತದವರು ಮಾರಿದವರು, ಮಾಡಿದವರಲ್ಲ.

ಬರ್ಮಿಂಗ್‌ಹ್ಯಾಮ್‌ನಲ್ಲಿಯೂ ಒಬ್ಬನೇ ಮಾಡುತ್ತಿರಲಿಲ್ಲ. ಅಲ್ಲಿನ ಕೋವಿ ಬೀದಿಗಳಲ್ಲಿ ನಳಿಗೆ ಮಾಡುವವನು ಒಬ್ಬ, ಅದನ್ನು ಕೊರೆಯುವವನು ಇನ್ನೊಬ್ಬ, ಮರ ಕೂರಿಸುವವನು ಬೇರೆ, ಕೆತ್ತುವವನು ಬೇರೆ. ಲಾಕ್ ಎಂಬ ಗುಂಡು ಸಿಡಿಸುವ ಯಂತ್ರಭಾಗ ಹತ್ತಿರದ ಡಾರ್ಲಾಸ್ಟನ್, ವೆಡ್ನ್ಸ್‌ಬರಿಯಂಥ ಊರುಗಳಿಂದ ಬರುತ್ತಿತ್ತು. ಅರೆಬರೆ ಆದ ಭಾಗಗಳನ್ನು ಹುಡುಗರು ಒಂದು ಕಾರ್ಯಾಗಾರದಿಂದ ಇನ್ನೊಂದಕ್ಕೆ ಹೊತ್ತು ಸಾಗಿಸುತ್ತಿದ್ದರು. ಪೀಣ್ಯದಲ್ಲಿ ಸ್ಕೂಟರಿನ ಮುಂದೆ ಭಾಗಗಳ ಚೀಲ ಇಟ್ಟುಕೊಂಡು ಪ್ಲೇಟಿಂಗ್ ಶೆಡ್ಡಿಗೆ ಓಡುವ ನಮ್ಮ ಹುಡುಗರನ್ನು ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟದ್ದು ಎರಡನೇ ಮಹಾಯುದ್ಧದ ಅಮೆರಿಕದ ಎಂ1 ಕಾರ್ಬೈನ್ ಎಂಬ ಗಿಡ್ಡ, ಹಗುರ ರೈಫಲ್. ಅರವತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ಮುಖ್ಯ ಗುತ್ತಿಗೆದಾರರ ಪಟ್ಟಿಯಲ್ಲಿ ಕೋವಿ ಮಾಡುವ ಮನೆತನ ಎಂದರೆ ವಿಂಚೆಸ್ಟರ್. ಉಳಿದವರಲ್ಲಿ ಟೈಪ್‌ರೈಟರ್ ಮಾಡುವ ಅಂಡರ್‌ವುಡ್, ಲೆಕ್ಕದ ಯಂತ್ರದ ಐಬಿಎಂ, ಹಾಡಿನ ಪೆಟ್ಟಿಗೆ ಮಾಡುವ ರಾಕ್-ಓಲಾ, ಅಂಚೆ ಯಂತ್ರಗಳ ನ್ಯಾಷನಲ್ ಪೋಸ್ಟಲ್ ಮೀಟರ್, ಜನರಲ್ ಮೋಟರ್ಸ್‌ನ ಘಟಕಗಳು. ಕ್ವಾಲಿಟಿ ಹಾರ್ಡ್‌ವೇರ್ ಎಂಬ ಕಂಪನಿಯಂತೂ ರಿಸೀವರ್ ಒಂದನ್ನು ಬಿಟ್ಟು ಬಹುಪಾಲು ಎಲ್ಲವನ್ನೂ ಹೊರಗಿನಿಂದಲೇ ತರಿಸಿತು. ಒಬ್ಬರ ಹತ್ತಿರ ಭಾಗ ಕಡಿಮೆ ಬಿದ್ದರೆ ಇನ್ನೊಬ್ಬರ ಕಡೆಯಿಂದ ಸಾಗಿಸಲು ಒಂದು ಸಮಿತಿಯೇ ಇತ್ತು. ಒಬ್ಬರ ರಿಸೀವರಿಗೆ ಇನ್ನೊಬ್ಬರ ನಳಿಗೆ, ಮೂರನೆಯವರ ಟ್ರಿಗರ್ ಚೌಕಟ್ಟು. ಸಣ್ಣ ಸಣ್ಣ ಭಾಗಗಳ ಮೇಲೆ ಕೂಡ ಮಾಡಿದವರ ಗುರುತಿನ ಅಕ್ಷರ ಒತ್ತಿರುತ್ತಿತ್ತು. ಇದು ಸಾಧ್ಯವಾದದ್ದು ಎಲ್ಲರೂ ಒಂದೇ ಡ್ರಾಯಿಂಗಿಗೆ, ಒಂದೇ ಅಳತೆಯ ಗೇಜುಗಳಿಗೆ ಬದ್ಧರಾಗಿದ್ದರಿಂದ. ಟೈಪ್‌ರೈಟರ್ ಮಾಡುವವನಿಗೆ ಯುದ್ಧ ಗೊತ್ತಿರಲಿಲ್ಲ, ಆದರೆ ಅಳತೆ ಗೊತ್ತಿತ್ತು.

ಶಾಂತಿಕಾಲದಲ್ಲಿಯೂ ಹೀಗೆಯೇ. ವೆದರ್ಬಿ ಎಂಬ ಪ್ರಸಿದ್ಧ ಅಮೆರಿಕನ್ ಹೆಸರಿನ ರೈಫಲ್‌ಗಳನ್ನು ದೀರ್ಘಕಾಲ ಮಾಡಿಕೊಟ್ಟವರು ಜರ್ಮನಿಯ ಸಾವರ್, ಆಮೇಲೆ ಜಪಾನಿನ ಹೋವಾ. 1925ರಲ್ಲಿ ಶುರುವಾದ ಜರ್ಮನಿಯ ಲೋಥಾರ್ ವಾಲ್ಥರ್ ಕಂಪನಿಯ ಕಸುಬೇ ಬೇರೆಯವರ ರೈಫಲ್‌ಗಳಿಗೆ ನಳಿಗೆ ಮಾಡಿಕೊಡುವುದು. ಮ್ಯಾಗಜೀನ್‌ಗಳಿಗೆ ಇಟಲಿಯ ಮೆಕ್-ಗಾರ್, ಮರದ ಸ್ಟಾಕ್‌ಗಳಿಗೆ ಬೆರ್ಗಾಮೊ ಕಡೆಯ ಮಿನೆಲ್ಲಿ. ಇನ್ನೊಂದು ಕಡೆ ಅಮೆರಿಕದ ರೂಗರ್ ಎರಕದ ಕೆಲಸವನ್ನು ತನ್ನದೇ ಘಟಕಗಳಲ್ಲಿ ಉಳಿಸಿಕೊಂಡು, ಆ ಕೌಶಲವನ್ನು ಹೊರಗಿನವರಿಗೂ ಮಾರಿತು. ಗಾಲ್ಫ್ ಕೋಲಿನ ಟೈಟಾನಿಯಂ ತಲೆಗಳನ್ನೂ ಎರಕ ಹೊಯ್ದುಕೊಟ್ಟಿತು. ಹೊರಗೆ ಕೊಡುವವನೇ ಹೊರಗಿನಿಂದ ಕೆಲಸ ಪಡೆಯುವವನೂ ಆಗಬಹುದು.

ನಮ್ಮ ದೇಶದಲ್ಲಿ ಇಶಾಪುರದ ರೈಫಲ್ ಕಾರ್ಖಾನೆ ಬೇರೆಯ ಸಂಪ್ರದಾಯದ್ದು. 1904ರಿಂದ ರೈಫಲ್ ಕೆಲಸ ನಡೆಸಿರುವ ಅಲ್ಲಿ ಆದಷ್ಟೂ ಎಲ್ಲವನ್ನೂ ಗೋಡೆಯೊಳಗೇ ಮಾಡುವ ರೂಢಿ ಬೆಳೆಯಿತು. ಆಗ ಹೊರಗೆ ಕೊಡೋಣವೆಂದರೆ ಕೊಡಲು ಯಾರಿದ್ದರು? ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಸಣ್ಣ ಶೆಡ್ಡುಗಳು ಈ ದೇಶದಲ್ಲಿ ಬೆಳೆದದ್ದು ಬಹಳ ತಡವಾಗಿ. ಅದಕ್ಕಾಗಿ ಅವರನ್ನು ಹಳಬರು ಎಂದು ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ. ಅಮೇಠಿಯ ಕೋರ್ವಾದಲ್ಲಿ ಆಗುತ್ತಿರುವ ಎಕೆ-203ರದು ಮೂರನೆಯ ದಾರಿ. 2021ರ ಒಪ್ಪಂದದ ಪ್ರಕಾರ ಆರು ಲಕ್ಷಕ್ಕೂ ಹೆಚ್ಚು ರೈಫಲ್. ರಷ್ಯಾದ ವಿನ್ಯಾಸ ತಂದು, ಭಾಗಗಳನ್ನು ಹಂತಹಂತವಾಗಿ ಇಲ್ಲಿಯವನ್ನಾಗಿಸುವುದು.

ಹೊರಗೆ ಏಕೆ ಕೊಡುತ್ತಾರೆ ಎಂಬುದನ್ನು ಸ್ಪ್ರಿಂಗ್ ಒಂದರಿಂದಲೇ ತಿಳಿಯಬಹುದು. ಸ್ಪ್ರಿಂಗ್ ಸುತ್ತುವ ಯಂತ್ರ ಒಂದು ರೈಫಲ್ ಕಂಪನಿಯ ಇಡೀ ವರ್ಷದ ಅಗತ್ಯವನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತದೆ. ಉಳಿದ ದಿನ ಅದು ನಿಂತಿರಬೇಕು. ಟ್ರಿಗರ್, ಸೇಫ್ಟಿ ಲಿವರ್‌ನಂಥ ಅಂಕುಡೊಂಕಿನ ಸಣ್ಣ ಭಾಗಗಳಿಗೆ ಈಗ ಎಂಐಎಂ ವಿಧಾನ ಬಂದಿದೆ. ಲೋಹದ ಪುಡಿಯನ್ನು ಅಂಟಿನ ಜೊತೆ ಕಲಸಿ ಅಚ್ಚಿಗೆ ತುಂಬಿ, ಆಮೇಲೆ ಕುಲುಮೆಯಲ್ಲಿ ಬೇಯಿಸುತ್ತಾರೆ. ಬೇಯುವಾಗ ಭಾಗ ಶೇಕಡಾ 15ರಿಂದ 20ರಷ್ಟು ಕುಗ್ಗುತ್ತದೆ, ಆ ಕುಗ್ಗುವಿಕೆಯನ್ನು ಲೆಕ್ಕ ಹಾಕಿಯೇ ಅಚ್ಚು ಮಾಡಬೇಕು. ಬೆಂಗಳೂರಿನ ಇಂಡೋ-ಎಂಐಎಂ ಈ ವಿದ್ಯೆಯಲ್ಲಿ ಜಗತ್ತಿನ ದೊಡ್ಡ ಹೆಸರು, ಕೋವಿಗಳ ಭಾಗಗಳೂ ಅವರ ಕೆಲಸದಲ್ಲಿ ಸೇರಿವೆ. ಅಂಥ ಕುಲುಮೆಯನ್ನು ಪ್ರತಿ ರೈಫಲ್ ಕಂಪನಿಯೂ ಕಟ್ಟಿಕೊಳ್ಳಬೇಕೆಂದರೆ ರೈಫಲ್ ಮಾಡಲು ಹಣವೇ ಉಳಿಯುವುದಿಲ್ಲ.

ನಳಿಗೆ ಮತ್ತು ಬೋಲ್ಟಿನ ವಿಷಯ ಬೇರೆ. .308 ಎಂಬ ಅಳತೆಯ ರೈಫಲ್ ಗುಂಡು ಸಿಡಿದಾಗ ಒಳಗಿನ ಒತ್ತಡ ವಾಯುಭಾರದ ನಾಲ್ಕು ಸಾವಿರ ಪಟ್ಟು ಮುಟ್ಟುತ್ತದೆ, ಹಾರಿಸುವವನ ಕೆನ್ನೆ ಅದರಿಂದ ಒಂದು ಗೇಣು ದೂರದಲ್ಲಿರುತ್ತದೆ. ನಳಿಗೆಯನ್ನು ಹೊರಗಿನಿಂದ ಕೊಂಡರೂ ಅದನ್ನು ಬೋಲ್ಟಿಗೆ ಹೊಂದಿಸಿ ಅಳೆಯುವ ಕೆಲಸವನ್ನು ಒಳ್ಳೆಯ ತಯಾರಕರು ಯಾರಿಗೂ ಬಿಟ್ಟುಕೊಡುವುದಿಲ್ಲ. ನಮ್ಮ ಗ್ರಾಹಕರ ಕಾರ್ಖಾನೆಗೆ ಎರಡನೇ ಸಲ, 240 ರೈಲುಗಳ ಸೋಲಿನ ನಂತರ ಹೋದಾಗ, ಮೊದಲ ಸಲ ಕಾಣದೇ ಹೋಗಿದ್ದ ಕೋಣೆಯೊಂದು ಕಂಡಿತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗ್ರಾನೈಟ್ ಮೇಜು, ಮರದ ಪೆಟ್ಟಿಗೆಗಳಲ್ಲಿ ಎಣ್ಣೆ ಸವರಿ ಮಲಗಿಸಿದ ಗೇಜುಗಳು. ಹತ್ತು ಶೆಡ್ಡುಗಳಿಂದ ಬಂದ ಭಾಗಗಳೆಲ್ಲ ಆ ಬಾಗಿಲು ದಾಟಿಯೇ ಜೋಡಣೆಗೆ ಹೋಗುತ್ತಿದ್ದವು. ಅವರು ರೈಫಲ್ ತಯಾರಕರು ಹೇಗೆ ಎಂಬ ನನ್ನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ವಾಪಸ್ಸು ಬಂದು ನಮ್ಮ ಶೆಡ್ಡಿನಲ್ಲಿಯೂ ಬದಲಾವಣೆ ಮಾಡಿದೆ. ಈಗ ಸ್ಲಾಟಿಗೆ ಎರಡು ಜೊತೆ ಗೇಜುಗಳಿವೆ. ಹಳದಿ ಹಿಡಿಯದು ಅನೋಡೈಸಿಂಗಿಗೆ ಮೊದಲು, ಕಪ್ಪು ಹಿಡಿಯದು ನಂತರ. ಯಂತ್ರದಲ್ಲಿ 5.32 ಹಿಡಿಯುತ್ತೇವೆ. ಅನೋಡೈಸಿಂಗ್ ಶೆಡ್ಡಿಗೆ ಚಲನ್ ಜೊತೆ ಡ್ರಾಯಿಂಗ್ ಹೋಗುತ್ತದೆ, ಪ್ರತಿ ಬ್ಯಾಚಿನಲ್ಲಿ ಅಳೆದು ಗುರುತು ಹಾಕಿದ ಒಂದು ತುಂಡೂ ಹೋಗಿ ಬರುತ್ತದೆ. ಅಲ್ಲಿನ ಮಾಲೀಕರನ್ನು ನಾನು ಬದಲಿಸಲಿಲ್ಲ. ಅವರೇ ಒಂದು ದಿನ ಕರೆಸಿ, ಭಾಗಗಳನ್ನು ತೂಗುಹಾಕುವ ಚೌಕಟ್ಟು ಎಲ್ಲಿ ಕಚ್ಚಿದರೆ ಗುರುತು ಬೀಳುವುದಿಲ್ಲವೆಂದು ತೋರಿಸಿಕೊಟ್ಟರು.

ನಮ್ಮ ಪ್ರೋಗ್ರಾಮಿಂಗ್ ಹುಡುಗ ಒಮ್ಮೆ, "ಅಣ್ಣ, ಸ್ಲಾಟಿನಿಂದ ಸ್ಲಾಟಿಗೆ 10.01 ಎಂದಿದೆ, 10 ಎಂದು ಹಾಕಿದರೆ ಸಾಲದೇ" ಎಂದು ಕೇಳಿದ. ಇಪ್ಪತ್ತನೇ ಸ್ಲಾಟಿನ ಹತ್ತಿರ ಬೆರಳಿಟ್ಟು, ಅಲ್ಲಿಗೆ ಎಷ್ಟು ತಪ್ಪುತ್ತದೆ ಲೆಕ್ಕ ಹಾಕು ಎಂದೆ. 0.19 ಮಿಲಿಮೀಟರ್. ಆ ಲೆಕ್ಕ ಅವನೇ ಗೋಡೆಯ ಮೇಲೆ ಬರೆದಿದ್ದಾನೆ, ಇನ್ನೂ ಅಳಿಸಿಲ್ಲ.

ಕಳೆದ ಸಲ, ಕೊಡಗಿನಲ್ಲಿ ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್‌ಗೆ ಊರಿಗೆ ಹೋಗಿದ್ದೆ. ಪೂಜೆಗೆ ಮೊದಲು ಕೋವಿ ಬಿಚ್ಚಿ ಒರೆಸುವ ಕೆಲಸ ನನ್ನದು. ಮುಂದಿನ ಮರ ತೆಗೆದು ನಳಿಗೆಗಳ ಅಡಿಯನ್ನು ಬಟ್ಟೆಯಿಂದ ಉಜ್ಜುವಾಗ, ಪ್ರೂಫ್ ಮುದ್ರೆಗಳಿಂದ ಸ್ವಲ್ಪ ದೂರದಲ್ಲಿ ಎರಡು ಪುಟ್ಟ ಅಕ್ಷರಗಳು ಕಂಡವು. ಇಷ್ಟು ವರ್ಷ ಎಣ್ಣೆಯ ಜಿಡ್ಡಿನಲ್ಲಿ ಮುಚ್ಚಿಹೋಗಿದ್ದವು. ನಳಿಗೆ ಮಾಡಿದವನ ಹೆಸರಿನ ಮೊದಲಕ್ಷರಗಳಿರಬೇಕು, ಬರ್ಮಿಂಗ್‌ಹ್ಯಾಮ್‌ನ ನಳಿಗೆಗಾರರು ಹಾಗೆ ಒತ್ತುತ್ತಿದ್ದರು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ. ಅಮ್ಮ ಕೋವಿಗೆ ಮುಡಿಸುವ ತೋಕ್‌ಪೂ ಹೂವನ್ನು ಹಿಡಿದುಕೊಂಡು ಬಂದು, ಇನ್ನೂ ಆಗಲಿಲ್ಲವೇ ಎಂದು ಕೇಳಿದರು.

ಬೆಂಗಳೂರಿಗೆ ಬಂದ ಮೇಲೆ ಗ್ರಾಹಕರಿಗೆ ಪತ್ರ ಬರೆದು ಅನುಮತಿ ಕೇಳಿದೆ. ಮೂರು ವಾರದ ನಂತರ ಡ್ರಾಯಿಂಗ್‌ನ ಹೊಸ ಆವೃತ್ತಿ ಬಂತು. ರೈಲಿನ ಅಡಿಯಲ್ಲಿ, ಎರಡು ಸ್ಕ್ರೂ ರಂಧ್ರಗಳ ನಡುವೆ, ಬ್ಯಾಚ್ ಸಂಖ್ಯೆಯ ಪಕ್ಕದಲ್ಲಿ ಎರಡು ಮಿಲಿಮೀಟರ್ ಎತ್ತರದ ನಮ್ಮ ಗುರುತಿನ ಅಕ್ಷರಗಳಿಗೆ ಜಾಗ ಬಿಟ್ಟಿದ್ದಾರೆ. ರಿಸೀವರಿನ ಮೇಲೆ ಕೂರಿಸಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಮೊದಲ ತುಂಡಿನ ಮೇಲೆ ಆ ಅಕ್ಷರಗಳನ್ನು ಯಂತ್ರ ಕೊರೆಯುವಾಗ ನಮ್ಮ ಹನ್ನೊಂದು ಜನರೂ ವಿಎಂಸಿಯ ಗಾಜಿನ ಮುಂದೆ ನಿಂತಿದ್ದರು.