ವಿದ್ಯಾರ್ಥಿನಿಯ ಕೈಗೆ ಇನ್ಸುಲಿನ್ ಸಿರಿಂಜ್ ಕೊಡುವ ಮೊದಲು: ವಾರ್ಡಿನ ಸ್ಟಾಫ್ ನರ್ಸ್‌ಗಳಿಗೆ

ಬೆಳಗಿನ ಪಾಳಿಯ ಹ್ಯಾಂಡೋವರ್ ಮುಗಿಯುವ ಹೊತ್ತಿಗೆ ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡಿನಲ್ಲಿ ನಿಂತಿರುತ್ತಾರೆ. ‘ನೋಡ್ಕೊಂಡು ನಿಂತಿರಿ’ ಎಂದರೆ ಅವರು ಬಿಪಿ ಬರೆದು, ಹಾಸಿಗೆ ಸರಿಪಡಿಸಿ ಹೋಗುತ್ತಾರೆ, ಅಷ್ಟೇ. ಕಾಲೇಜಿನ ಟೀಚರ್ ಎಲ್ಲ ವಾರ್ಡುಗಳಲ್ಲೂ ಇರಲಾರರು. ಔಷಧಿ ಕೊಡುವ ಹೊತ್ತಿನಲ್ಲಿ ವಿದ್ಯಾರ್ಥಿಗಳ ಪಕ್ಕದಲ್ಲಿರುವವರು ನೀವೇ.

ಮೊದಲು ಐದು ನಿಮಿಷ ಕೊಡಿ. ಯಾವ ವರ್ಷ, ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಏನೇನು ಮಾಡಿದ್ದಾರೆ, ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿವೆಯೇ ಎಂದು ಕೇಳಿ. ಇಬ್ಬರು ಅಥವಾ ಮೂವರು ರೋಗಿಗಳನ್ನು ಮಾತ್ರ ಒಪ್ಪಿಸಿ, ದಿನಕ್ಕೆ ಒಂದೇ ಕೌಶಲ ಆರಿಸಿಕೊಳ್ಳಿ. ಮೆಡಿಸಿನ್ ವಾರ್ಡಿನಲ್ಲಿ ಇನ್ಸುಲಿನ್‌ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಯಾಕೆಂದರೆ ಅಲ್ಲಿ ತಪ್ಪು ಕಣ್ಣಿಗೆ ಕಾಣದಷ್ಟು ಸಣ್ಣದು, ಪರಿಣಾಮ ದೊಡ್ಡದು.

ನಮ್ಮಲ್ಲಿನ ಇನ್ಸುಲಿನ್ ವಯಲ್ (ಔಷಧಿಯ ಸಣ್ಣ ಬಾಟಲಿ) ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್ ಬೇಕು. ಕಿತ್ತಳೆ ಮುಚ್ಚಳದ ಯು-100 ಸಿರಿಂಜ್ ಕೈಗೆ ಸಿಕ್ಕರೆ, 12ರ ಗೆರೆಯವರೆಗೆ ಎಳೆದರೂ ರೋಗಿಗೆ ಹೋಗುವುದು 5 ಯೂನಿಟ್‌ಗೂ ಕಡಿಮೆ. ತಿರುವುಮುರುವಾದರೆ, ಅಂದರೆ ಮಿಲಿಗೆ 100 ಯೂನಿಟ್ ಇರುವ ಇನ್ಸುಲಿನ್ ಯು-40 ಸಿರಿಂಜಿಗೆ ಬಂದರೆ, ಅದೇ ಗೆರೆಗೆ 30 ಯೂನಿಟ್. ಈ ಲೆಕ್ಕವನ್ನು ನೀವು ಹೇಳಬೇಡಿ. ವಯಲ್ ಮತ್ತು ಎರಡೂ ಸಿರಿಂಜ್ ಟ್ರೇಯಲ್ಲಿಟ್ಟು, ವಿದ್ಯಾರ್ಥಿನಿಯೇ ಲೇಬಲ್ ಓದಿ ಕಾಗದದ ಮೇಲೆ ಮಾಡಲಿ. ಒಮ್ಮೆ ಸ್ವಂತ ಕೈಯಿಂದ ಮಾಡಿದ ಲೆಕ್ಕ ಮರೆಯುವುದಿಲ್ಲ.

ನಂತರ ಕೇಸ್ ಶೀಟ್ ತೆರೆಸಿ. ಜಿಆರ್‌ಬಿಎಸ್ (ಗ್ಲುಕೋಮೀಟರ್‌ನಲ್ಲಿ ನೋಡಿದ ರಕ್ತದ ಸಕ್ಕರೆ) ಎಷ್ಟು? ತಿಂಡಿ ಬಂದಿದೆಯೇ? ಇವತ್ತು ಖಾಲಿ ಹೊಟ್ಟೆಯ ಸ್ಕ್ಯಾನ್ ಏನಾದರೂ ಇದೆಯೇ? ಈ ಕೊನೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿಕೊಳ್ಳುವುದೇ ಇಲ್ಲ. ಇನ್ಸುಲಿನ್ ಕೊಟ್ಟಾದ ಮೇಲೆ ರೋಗಿಯನ್ನು ಸ್ಕ್ಯಾನ್‌ಗೆ ಕರೆದೊಯ್ದು ಊಟ ತಡವಾದರೆ, ಬೆವರು, ನಡುಕ, ಆಮೇಲೆ ಪ್ರಜ್ಞೆಯೇ ತಪ್ಪಬಹುದು. ಉತ್ತರ ತಪ್ಪಾದರೆ ಕೂಡಲೇ ತಿದ್ದಬೇಡಿ. ‘ಯಾಕೆ ಹಾಗನ್ನಿಸಿತು?’ ಎಂದು ಕೇಳಿದರೆ ಎಡವಿದ್ದು ಎಲ್ಲಿ ಎಂದು ಇಬ್ಬರಿಗೂ ಗೊತ್ತಾಗುತ್ತದೆ.

ರೋಗಿಯ ಒಪ್ಪಿಗೆ ನೀವೇ ಕೇಳಿ: ‘ಅಮ್ಮ, ಇವರು ಕಾಲೇಜಿನ ಸಿಸ್ಟರ್. ನಾನು ಪಕ್ಕದಲ್ಲೇ ಇರ್ತೀನಿ, ಇವರು ಸೂಜಿ ಕೊಡಬಹುದಾ?’ ಬೇಡ ಎಂದರೆ ಬೇಡ, ಬೇರೆ ರೋಗಿಯನ್ನು ನೋಡಿ. ಹಾಸಿಗೆಯ ಪಕ್ಕದಲ್ಲಿ ಗದರಬೇಡಿ. ಕೈ ಇನ್ನಷ್ಟು ನಡುಗುತ್ತದೆ, ರೋಗಿಗೂ ಭಯವಾಗುತ್ತದೆ. ಕೆಲಸ ನಿಲ್ಲಿಸಲೇಬೇಕಾದರೆ ‘ಒಂದು ನಿಮಿಷ’ ಎನ್ನುವುದೇ ಇಬ್ಬರ ಸಂಕೇತ ಎಂದು ಮೊದಲೇ ಹೇಳಿಟ್ಟುಕೊಳ್ಳಿ.

ಮೋಡದಂತಿರುವ ಇನ್ಸುಲಿನ್ ಆದರೆ ವಯಲನ್ನು ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಉರುಳಿಸಬೇಕು. ಕುಲುಕಿದರೆ ಗುಳ್ಳೆ ಬಂದು ಅಳತೆ ತಪ್ಪುತ್ತದೆ. ಎಳೆದ ಸಿರಿಂಜನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ತಂದು ತೋರಿಸದೆ ಅವಳು ರೋಗಿಯ ಬಳಿ ಹೋಗಬಾರದು. ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಿ, ‘ಲಕ್ಷ್ಮಮ್ಮನಾ?’ ಎಂದರೆ ಕಿವಿ ಕೇಳಿಸದವರೂ ತಲೆಯಾಡಿಸುತ್ತಾರೆ. ಹೊಟ್ಟೆಗಾದರೆ ಹೊಕ್ಕುಳಿನಿಂದ ಎರಡು ಬೆರಳಿಗಿಂತ ದೂರ, ನೆನ್ನೆ ಚುಚ್ಚಿದ ಜಾಗ ಬಿಟ್ಟು.

ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಿ. ಬಳಸಿದ ಸೂಜಿ ನೇರ ಚೂಪು ತ್ಯಾಜ್ಯದ ಬಿಳಿ ಡಬ್ಬಿಗೆ. ಚುಚ್ಚಿಕೊಂಡರೆ ಹಿಂಡದೆ ಸೋಪು-ನೀರಿನಿಂದ ತೊಳೆದು, ಇನ್‌ಚಾರ್ಜ್ ಸಿಸ್ಟರ್‌ಗೆ ಆ ಕ್ಷಣವೇ ಹೇಳಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಬಾರದು. ಬೈಗುಳದ ಭಯಕ್ಕೆ ಮುಚ್ಚಿಡುವ ಹುಡುಗಿಯರಿದ್ದಾರೆ. ಹಾಗಾಗಿ ‘ಹೇಳಿದರೆ ಬೈಯಲ್ಲ’ ಎಂದು ಬಾಯಿಬಿಟ್ಟು ಹೇಳಿ, ಅಂತೆಯೇ ನಡೆದುಕೊಳ್ಳಿ.

ಮುಗಿದ ಮೇಲೆ ಸ್ಟೇಷನ್ ಬಳಿ ಎರಡು ನಿಮಿಷ ಸಾಕು. ಸರಿ ಮಾಡಿದ್ದನ್ನು ಹೆಸರಿಟ್ಟು ಹೇಳಿ: ‘ಚೆನ್ನಾಗಿತ್ತು’ ಎಂದಲ್ಲ, ‘ತಿಂಡಿ ಬಂದಿದೆಯೇ ಎಂದು ನೀನೇ ಕೇಳಿದ್ದು ಸರಿ’ ಎಂದು. ತಿದ್ದಬೇಕಾದದ್ದು ಒಂದೇ ಇರಲಿ. ಲಾಗ್ ಬುಕ್‌ನಲ್ಲಿ ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಹಿ ಹಾಕಿ; ಪೋಸ್ಟಿಂಗ್‌ನ ಕೊನೆಯ ದಿನ ಖಾಲಿ ಪುಟಗಳನ್ನು ಒಟ್ಟಿಗೆ ತಂದರೆ ಹಿಂದಿರುಗಿಸಿ.