ಮೆಲ್ಬರ್ನ್‌ಗೆ ಹೊರಟವರ ಸೂಟ್‌ಕೇಸು: ನಮ್ಮ ಕಡೆಯ ಹೊಸಬರಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದಲೂ ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದಿಂದಲೂ ಓದಲೆಂದೋ ಕೆಲಸಕ್ಕೆಂದೋ ಮದುವೆಯಾಗಿಯೋ ಮೆಲ್ಬರ್ನ್‌ಗೆ ಹೊರಟವರು ನನಗೆ ಫೋನು ಮಾಡಿ ಮೊದಲು ಕೇಳುವುದು, "ಅಕ್ಕಾ, ಎಷ್ಟು ಸ್ವೆಟರ್ ತರಬೇಕು?" ಎಂದು. ಒಂದೂ ಬೇಡ ಎಂದರೆ ಯಾರೂ ನಂಬುವುದಿಲ್ಲ. ನನಗೂ ಯಾರೋ ಹಾಗೆಯೇ ಹೇಳಿದ್ದರು, ನಾನೂ ನಂಬಿರಲಿಲ್ಲ. ಆದ್ದರಿಂದ ನಾನು ಮಾಡಿಕೊಂಡ ಎಡವಟ್ಟುಗಳನ್ನೇ ಮೊದಲು ಹೇಳುತ್ತೇನೆ.

ನಾನು ಹೊರಟದ್ದು 2011ರ ಜುಲೈನಲ್ಲಿ, ಆಷಾಢದ ನಡುವೆ. ಆಷಾಢದಲ್ಲಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವುದು ಸಲ್ಲ, ಅದೂ ಸಮುದ್ರದಾಚೆಗೆ ಎಂದು ಅಜ್ಜಿ ಹಟ ಹಿಡಿದರು. ಟಿಕೆಟ್ಟಿನ ತಾರೀಖು ಪಂಚಾಂಗ ಕೇಳಿ ಬರುವುದಿಲ್ಲವಾದ್ದರಿಂದ, ಕೊನೆಗೆ ಪುರೋಹಿತ ಭಟ್ಟರ ಸಲಹೆಯಂತೆ ಜ್ಯೇಷ್ಠ ಮುಗಿಯುವ ಮೊದಲೇ ಒಳ್ಳೆಯ ಗಳಿಗೆಯಲ್ಲಿ ಪ್ರಸ್ಥಾನ ಇಡುವುದೆಂದು, ಅಂದರೆ ಪ್ರಯಾಣ ಆಗಲೇ ಹೊರಟಂತೆ ಲೆಕ್ಕವಾಗಲು ಸಾಮಾನೊಂದನ್ನು ಮೊದಲೇ ಮನೆಯಿಂದ ಹೊರಗೆ ಕಳಿಸಿಡುವುದೆಂದು ತೀರ್ಮಾನವಾಯಿತು. ಬೇರೆಯವರು ಪ್ರಸ್ಥಾನಕ್ಕೆ ಒಂದು ವಸ್ತ್ರವನ್ನೋ ಸಣ್ಣ ಗಂಟನ್ನೋ ಇಡುತ್ತಾರೆ. ಅಜ್ಜಿಗೆ ಅಷ್ಟರಿಂದ ಸಮಾಧಾನವಾಗದೆ, ತುಂಬಿಸಿಟ್ಟ ದೊಡ್ಡ ಸೂಟ್‌ಕೇಸನ್ನೇ ಹೊರಿಸಿ ಪಕ್ಕದ ಮನೆಯ ಜಗಲಿಯ ಕೋಣೆಗೆ ಕಳಿಸಿಬಿಟ್ಟರು. ಒಮ್ಮೆ ಇಟ್ಟ ಪ್ರಸ್ಥಾನವನ್ನು ಮನೆಗೆ ಮರಳಿ ತರುವಂತಿಲ್ಲ, ಬಿಚ್ಚುವಂತೆಯೂ ಇಲ್ಲ ಎಂದು ಕಟ್ಟಪ್ಪಣೆ ಬೇರೆ. ಹೀಗೆ ನನ್ನ ಬಟ್ಟೆಗಳು ಹದಿನೈದು ದಿನ, ಶಿರಸಿಯ ಮಳೆಗಾಲದಲ್ಲಿ, ಥಂಡಿ ಹಿಡಿದ ಗೋಡೆಗೆ ಒರಗಿಕೊಂಡು ಕುಳಿತವು. ಅವುಗಳಲ್ಲಿ ಅರ್ಧದಷ್ಟು ಬಚ್ಚಲೊಲೆಯ ಮೇಲಿನ ಗಳದಲ್ಲಿ ಒಣಗಿಸಿದಂಥವು. ಮುಟ್ಟಿದರೆ ಒಣಗಿದಂತೆಯೇ ಇದ್ದವು, ಆದರೆ ಮಡಿಕೆಯೊಳಗೆ ತೇವ ಉಳಿದಿತ್ತು. ಮೆಲ್ಬರ್ನ್‌ನ ಮನೆಯಲ್ಲಿ ಸೂಟ್‌ಕೇಸು ತೆರೆದಾಗ ಮೊದಲು ಹೊರಬಂದದ್ದು ಹೊಗೆಯೂ ಮುಗ್ಗಲೂ ಬೆರೆತ ವಾಸನೆ. ಚೂಡಿದಾರಗಳ ಮೇಲೆ ಬೂದುಬಣ್ಣದ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಹತ್ತಿತ್ತು; ಮದುವೆಯ ಸೀರೆಯ ಜರಿ, ಮಡಿಕೆಯೊಳಗೆ ಆಯಿ, ಅಂದರೆ ನನ್ನ ಅಮ್ಮ, ಕಾಳಜಿಯಿಂದ ಇಟ್ಟಿದ್ದ ಡಾಂಬರು ಗುಳಿಗೆ ತಾಗಿದಲ್ಲೆಲ್ಲ ಕಪ್ಪಾಗಿತ್ತು. ಹೊರಗೆ ಐದಾರು ಡಿಗ್ರಿ ಚಳಿಯಿದ್ದರೂ ನನ್ನವರು ಏನೂ ಹೇಳದೆ ಎದ್ದುಹೋಗಿ ಕಿಟಕಿ ತೆರೆದರು. ಆ ಮೌನಕ್ಕೆ ಆದ ನಾಚಿಕೆ ನನಗೆ ಇನ್ನೂ ನೆನಪಿದೆ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯಿಂದ ಹೊರಡುವವರು ಪ್ರತಿಯೊಂದು ಬಟ್ಟೆಗೂ ಇಸ್ತ್ರಿ ಹಾಕಿ, ಬಿಸಿ ಪೂರ್ತಿ ಆರಿದ ಮೇಲೆ ಮಡಚಿ, ಸೂಟ್‌ಕೇಸನ್ನು ಹೊರಡುವ ಹಿಂದಿನ ದಿನವೇ ಮುಚ್ಚಬೇಕು. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬದೆ, ಒಗೆದು ಒಣಗಿಸಿದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಬೇಕು. ಪ್ರಸ್ಥಾನದ ವಿಷಯದಲ್ಲಿ ಹಿರಿಯರ ಮನಸ್ಸನ್ನು ನೋಯಿಸಬೇಕಾಗಿಲ್ಲ. ಒಂದು ರವಿಕೆ ಕಣ, ಒಂದು ಅರಿಶಿನ ಕೊಂಬು ಪಕ್ಕದ ಮನೆಗೆ ಹೋದರೆ ಶಾಸ್ತ್ರ ಸಂದಂತೆಯೇ.

ಎರಡನೆಯ ಎಡವಟ್ಟು ತೂಕದ್ದು. ನನ್ನ ಟಿಕೆಟ್ಟಿಗೆ ಇದ್ದ ಮಿತಿ 30 ಕಿಲೋ. ಅಪ್ಪಯ್ಯ ಅಡಿಕೆ ತೂಗುವ ಸ್ಪ್ರಿಂಗ್ ಕಾಟಾಕ್ಕೆ ಸೂಟ್‌ಕೇಸನ್ನು ತೂಗುಹಾಕಿ, 29 ತೋರಿಸಿದ್ದನ್ನು ನೋಡಿ, ಇನ್ನೂ ಒಂದು ಕಿಲೋ ಉಳಿದಿದೆಯಲ್ಲ ಎಂದರು. ಆ ಒಂದು ಕಿಲೋಗೆ ಮನೆಯಲ್ಲಿ ನಾಲ್ಕು ಜನರ ಬೇಡಿಕೆಯಿತ್ತು. "ಇದೊಂದು ಇಟ್ಗ ಕೂಸೆ, ಅಲ್ಲಿ ಸಿಕ್ತಿಲ್ಲೆ" ಎಂದು ಆಯಿ ತಂದುಕೊಟ್ಟದ್ದರಲ್ಲಿ ಯಾವುದನ್ನು ಬೇಡವೆನ್ನಲು ಬಾಯಿ ಬರುತ್ತದೆ? ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದೇ ಸೂಟ್‌ಕೇಸು 35 ಕಿಲೋ ತೂಗಿತು. ಮನೆಯ ಕಾಟಾ ವರ್ಷಗಳಿಂದ ಕಡಿಮೆ ತೋರಿಸುತ್ತಿತ್ತು. ವಖಾರಿಯಲ್ಲಿ ಅಡಿಕೆಯ ತೂಕ ಯಾವಾಗಲೂ ತುಸು ಹೆಚ್ಚೇ ಬರುವುದನ್ನು ಕಂಡು, ಅಪ್ಪಯ್ಯ ಆ ವ್ಯಾಪಾರಿಯನ್ನು ಧರ್ಮಾತ್ಮನೆಂದು ನಂಬಿಕೊಂಡಿದ್ದರು.

ಸರತಿಯಲ್ಲಿ ನಿಂತ ನೂರು ಜನರ ಎದುರಿಗೆ ನೆಲದ ಮೇಲೆ ಸೂಟ್‌ಕೇಸು ಬಿಚ್ಚಿ ಕುಳಿತಾಗ, ಒಳಲಂಗ, ಹಲಸಿನ ಹಪ್ಪಳದ ಕಟ್ಟು, ಕುಕ್ಕರು, ಹುಬ್ಬಳ್ಳಿಯಲ್ಲಿ ಕೊಂಡ ಎರಡು ದಪ್ಪ ಸ್ವೆಟರು, ಎಲ್ಲವೂ ಲೋಕದ ಕಣ್ಣಿಗೆ ಬಿದ್ದವು. ಐದು ಕಿಲೋ ಇಳಿಸಲೇಬೇಕಾಗಿತ್ತು. ಆತುರದಲ್ಲಿ ಕೈಗೆ ಸಿಕ್ಕಿದ ದೊಡ್ಡ ಗಂಟನ್ನೇ ಎಳೆದು, ಗಾಜಿನ ಬಾಗಿಲಿನಾಚೆ ನಿಂತಿದ್ದ ಅಪ್ಪಯ್ಯನಿಗೆ ಕೊಟ್ಟು ಬಂದೆ. ಅದು ಅಜ್ಜಿ ತನ್ನ ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಸೇರಿಸಿ, ಎರಡು ಬೇಸಿಗೆ ಕುಳಿತು ಹೊಲಿದ ಕೌದಿ. ಅದನ್ನು ಮರಳಿಸಿ ಕುಕ್ಕರನ್ನು ಉಳಿಸಿಕೊಂಡ ಬುದ್ಧಿವಂತೆ ನಾನು. ಅಂಥ ಕುಕ್ಕರು ಇಲ್ಲಿಯ ಡ್ಯಾಂಡೆನಾಂಗ್‌ನ ಭಾರತೀಯ ಅಂಗಡಿಗಳಲ್ಲಿ ಸಾಲಾಗಿ ಕುಳಿತಿರುತ್ತವೆ. ಕೌದಿ ಎರಡು ವರ್ಷದ ಮೇಲೆ ಊರಿಗೆ ಹೋದಾಗ ಸಿಕ್ಕಿತು, ಕೊಟ್ಟಿಗೆಯಲ್ಲಿ, ಎಳೆಗರುವಿನ ಕೆಳಗೆ ಹಾಸಾಗಿ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ.

ಪೇಟೆಯಲ್ಲಿ ಸಿಗುವ ಸಣ್ಣ ಡಿಜಿಟಲ್ ಲಗೇಜ್ ಕಾಟಾ ಒಂದನ್ನು ಕೊಳ್ಳಿ. ನಾಲ್ಕಾರು ನೂರು ರೂಪಾಯಿಯ ಆ ವಸ್ತು ಮಾನ ಉಳಿಸುತ್ತದೆ. ಒಟ್ಟು ಮಿತಿ ಎಷ್ಟೇ ಇರಲಿ, ಎತ್ತುವ ಕಾರ್ಮಿಕರ ಹಿತಕ್ಕಾಗಿ ಒಂದೊಂದು ಸೂಟ್‌ಕೇಸೂ 32 ಕಿಲೋ ದಾಟುವಂತಿಲ್ಲ. ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ. ಗಾಳಿ ಹೀರಿ ಬಟ್ಟೆಯನ್ನು ಹಪ್ಪಳದಂತೆ ಚಪ್ಪಟೆ ಮಾಡುವ ಚೀಲಗಳು ಜಾಗ ಉಳಿಸುತ್ತವೆ, ತೂಕವನ್ನಲ್ಲ. ಉಳಿದ ಜಾಗಕ್ಕೆ ಇನ್ನಷ್ಟು ತುಂಬುವ ಆಸೆ ಹುಟ್ಟಿಸಿ ಕೊನೆಗೆ ಕೈ ಕೊಡುವುದೂ ಅವೇ. ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ಬೇರೆ ಟಿಕೆಟ್ಟಿನಲ್ಲಿ ಬೆಂಗಳೂರಿಗೋ ಮುಂಬೈಗೋ ಹಾರುವವರು ದೇಶದೊಳಗಿನ ಆ ವಿಮಾನದ ಮಿತಿ ಬಹುತೇಕ 15 ಕಿಲೋ ಎಂಬುದನ್ನು ಮರೆಯಬಾರದು. ಕಾರವಾರದವರಿಗೆ ಇನ್ನೊಂದು ಮಾತು: ಗೋವಾದಲ್ಲಿ 2023ರಿಂದ ಎರಡು ವಿಮಾನ ನಿಲ್ದಾಣಗಳಿವೆ, ನಿಮಗೆ ರೂಢಿಯಾದ ದಾಬೋಲಿಮ್ ಒಂದಾದರೆ, ಪಣಜಿಯನ್ನೂ ದಾಟಿ ಉತ್ತರಕ್ಕೆ ಹೋಗಬೇಕಾದ ಮೋಪಾ ಇನ್ನೊಂದು. ಟಿಕೆಟ್ಟಿನಲ್ಲಿ ಜಿಒಐ ಎಂದಿದ್ದರೆ ದಾಬೋಲಿಮ್, ಜಿಒಎಕ್ಸ್ ಎಂದಿದ್ದರೆ ಮೋಪಾ. ಬೀಳ್ಕೊಡಲು ಬಂದವರನ್ನು ಬೋರ್ಡಿಂಗ್ ಪಾಸು ಕೈಗೆ ಬರುವವರೆಗೆ ಹೊರಗೆ ನಿಲ್ಲಿಸಿಕೊಂಡಿರಿ. ಕಣ್ಣೀರು ಒರೆಸಿಕೊಳ್ಳುವುದಕ್ಕಿಂತ ಹೆಚ್ಚಿನ ಕೆಲಸ ಅವರಿಗೆ ಬೀಳಬಹುದು.

ಪಾಸ್‌ಪೋರ್ಟ್, ವೀಸಾ ಪತ್ರ, ಅಂಕಪಟ್ಟಿಗಳು, ಔಷಧ ಮತ್ತು ವೈದ್ಯರ ಚೀಟಿ, ಪವರ್ ಬ್ಯಾಂಕ್, ಒಡವೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಒಣಕೊಬ್ಬರಿಯನ್ನು ಎಲ್ಲೂ ಇಡಬೇಡಿ, ಅದು ಬೆಂಕಿ ಹತ್ತುವ ವಸ್ತುವೆಂದು ತೆಗೆದುಬಿಡುತ್ತಾರೆ.

ಇನ್ನು ಬಟ್ಟೆಯ ಮಾತು. ಮೆಲ್ಬರ್ನ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಹಗಲು 14 ಡಿಗ್ರಿಯ ಆಸುಪಾಸು, ರಾತ್ರಿ ಆರೇಳು. ಅಂಕಿ ನೋಡಿದರೆ ಭಯವಾಗುವುದಿಲ್ಲ, ಆದರೆ ದಕ್ಷಿಣದಿಂದ ಬೀಸುವ ಗಾಳಿ ನಮ್ಮ ಕೈಹೆಣಿಗೆಯ ಸ್ವೆಟರಿನ ಕಣ್ಣುಗಳ ಮೂಲಕ ನೇರ ಎದೆಗೆ ಹೊಗುತ್ತದೆ. ಬೇಕಾದದ್ದು ಮೈಗೆ ಅಂಟಿ ಕೂರುವ ತೆಳುವಾದ ಥರ್ಮಲ್ ಒಳ ಉಡುಪು ಎರಡು ಜೊತೆ, ಮೇಲೆ ಸಾಧಾರಣ ಅಂಗಿ, ಅದರ ಮೇಲೆ ಗಾಳಿಯನ್ನೂ ಮಳೆಯನ್ನೂ ತಡೆಯುವ ಒಂದು ಜಾಕೆಟ್. ಥರ್ಮಲ್ ಅಲ್ಲಿಂದ ತನ್ನಿ, ಜಾಕೆಟ್ ಇಲ್ಲಿ ಕೊಳ್ಳಿ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಆಲಿಕಲ್ಲು, ಸಂಜೆ ಮತ್ತೆ ಬಿಸಿಲು ಎಂಬುದು ಇಲ್ಲಿ ಮಾಮೂಲು. ಆದ್ದರಿಂದ ದಪ್ಪದ ಒಂದು ಬಟ್ಟೆಗಿಂತ ಕಳಚಬಹುದಾದ ತೆಳುವಾದ ಮೂರು ಲೇಸು. ಪಾಣಿಪಂಚೆಗಳನ್ನು ನಾಲ್ಕಾದರೂ ತನ್ನಿ. ಇಲ್ಲಿಯ ದಪ್ಪ ಟವೆಲ್ಲು ಚಳಿಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಪಾಣಿಪಂಚೆ ರಾತ್ರಿ ಹರವಿದರೆ ಬೆಳಿಗ್ಗೆಗೆ ತಯಾರು.

ಸೀರೆಯ ಬಗ್ಗೆ ಹೆಣ್ಣುಮಕ್ಕಳಿಗೆ ಹೇಳುವುದಿದೆ. ನಾನು ಹದಿನಾಲ್ಕು ತಂದೆ. ಮೊದಲ ಮೂರು ವರ್ಷದಲ್ಲಿ ಉಟ್ಟದ್ದು ನಾಲ್ಕು. ರೇಷ್ಮೆ ಸೀರೆ, ರವಿಕೆ, ಒಳಲಂಗ ಸೇರಿದರೆ ಹತ್ತಿರ ಹತ್ತಿರ ಒಂದು ಕಿಲೋ ಎಂದು ಲೆಕ್ಕ ಹಿಡಿಯಿರಿ. ಐದು ಸಾಕು. ಆದರೆ ಎರಡು ರವಿಕೆಗಳನ್ನು ತುಂಬುತೋಳಿನದಾಗಿ ಹೊಲಿಸಿ, ಎಲ್ಲ ರವಿಕೆಗಳಲ್ಲೂ ಒಳಗಡೆ ಬಿಡುಬಟ್ಟೆ ಉಳಿಸಲು ದರ್ಜಿಗೆ ಹೇಳಿ. ಇಲ್ಲಿ ಒಂದು ರವಿಕೆ ಬಿಡಿಸಿ ಹೊಲಿಸುವ ದುಡ್ಡಿಗೆ ಊರಿನಲ್ಲಿ ಮೂರು ಹೊಸದು ಬರುತ್ತವೆ, ಮತ್ತು ಮೈ ಎಲ್ಲಿಯೂ ಇದ್ದಂತೆ ಇರುವುದಿಲ್ಲ. ಒಳಲಂಗದ ಲಾಡಿಗಳನ್ನು ಒಂದು ಹಿಡಿ ಹೆಚ್ಚು ತನ್ನಿ. ಇದನ್ನು ಓದಿ ನಗುವವರು ಹಬ್ಬದ ಬೆಳಿಗ್ಗೆ ಲಾಡಿ ಹರಿದಾಗ ನನ್ನನ್ನು ನೆನೆಯುತ್ತಾರೆ. ಇಲ್ಲಿ ಹಬ್ಬಗಳೂ ತಿರುಗುಮುರುಗು. ದೀಪಾವಳಿ ವಸಂತದ ಕೊನೆಗೆ ಬರುತ್ತದೆ; ಸಂಜೆ ಎಂಟರ ಹೊತ್ತಿಗೆ ಇನ್ನೂ ಬೆಳಕಿರುವುದರಿಂದ ದೀಪ ಹಚ್ಚಲು ಕತ್ತಲೆಗಾಗಿ ಕಾಯುತ್ತೇವೆ, ಆಗ ತೆಳು ಹತ್ತಿ ಸೀರೆಯೇ ಹಿತ. ಯುಗಾದಿಯಲ್ಲಿ ಎಲೆ ಉದುರುತ್ತಿರುತ್ತದೆ, ಶಾಲು ಬೇಕು. ಮಾವಿನ ಚಿಗುರಿಲ್ಲದ ಯುಗಾದಿಯನ್ನು ಮಕ್ಕಳಿಗೆ ವಿವರಿಸುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ.

ಮಕ್ಕಳಿಗೆಂದು ಪರಕಾರ-ಪೋಲಕ ಹೊಲಿಸುವವರು ಒಂದೇ ಹೊಲಿಸಿ, ಅಂಚಿನಲ್ಲಿ ಎರಡು ಮಡಿಕೆ ಹಾಕಿಸಿ. ನನ್ನ ಮಗಳಿಗೆ ಆಯಿ ಮೂರು ಕಳಿಸಿದ್ದರು. ಒಂದನ್ನು ಎರಡು ಸಲ ತೊಟ್ಟಳು, ಉಳಿದೆರಡನ್ನು ನಾನು ಬಿಚ್ಚುವ ಹೊತ್ತಿಗೆ ಅವಳ ಮೊಣಕಾಲಿಗೆ ಬರುತ್ತಿದ್ದವು. ವಿಡಿಯೊ ಕರೆಯಲ್ಲಿ ಆಯಿ ಕೇಳಿದಾಗಲೆಲ್ಲ ಆ ಒಂದೇ ಪರಕಾರದ ಫೋಟೊವನ್ನು ಬೇರೆ ಬೇರೆ ದಿನ ಕಳಿಸಿದ್ದೇನೆ.

ಕೊನೆಯದು ಗಡಿಯ ತಪಾಸಣೆ, ಇದರಲ್ಲಿ ನಾನು ಅಪರಾಧಿಯೇ. ಇಳಿಯುವ ಮೊದಲು ತುಂಬಬೇಕಾದ ಕಾರ್ಡಿನಲ್ಲಿ, ಆಹಾರ, ಬೀಜ, ಮರದ ವಸ್ತು ತಂದಿದ್ದೀರಾ, ಮಣ್ಣು ಹತ್ತಿದ ವಸ್ತು ಅಥವಾ ಪಾದರಕ್ಷೆ ಇದೆಯೇ, ಕಳೆದ 30 ದಿನಗಳಲ್ಲಿ ಕೃಷಿಭೂಮಿ ಅಥವಾ ಸಾಕುಪ್ರಾಣಿಗಳ ಸಂಪರ್ಕವಾಗಿದೆಯೇ ಎಂದೆಲ್ಲ ಕೇಳುತ್ತಾರೆ. ಹೊರಡುವ ದಿನ ಬೆಳಿಗ್ಗೆ ತೋಟಕ್ಕೆ ಇಳಿದು, ಕೊಟ್ಟಿಗೆಗೆ ಹೋಗಿ ದನಗಳ ಮೈ ಸವರಿ ಬಂದವಳು ನಾನು, ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿದ್ದೆ. ಸುಳ್ಳು ಹೇಳಬೇಕೆಂದಲ್ಲ, ನಮ್ಮ ಮನೆ 'ಕೃಷಿಭೂಮಿ' ಎಂದಾಗಲಿ, ಗೌರಿ 'ಪ್ರಾಣಿ' ಎಂದಾಗಲಿ ನನಗೆ ತೋಚಲೇ ಇಲ್ಲ. ಅಧಿಕಾರಿ ಸೂಟ್‌ಕೇಸು ತೆರೆಸಿ ನನ್ನ ಚಪ್ಪಲಿಗಳನ್ನು ಮಗುಚಿ ಹಿಡಿದರು. ಅಟ್ಟೆಯ ಗೀರುಗಳಲ್ಲಿ ತೋಟದ ಕೆಂಪುಮಣ್ಣು ಗಟ್ಟಿಯಾಗಿ ಕೂತಿತ್ತು, ಒಂದು ಅಡಿಕೆ ಸಿಪ್ಪೆಯ ನಾರಿನ ಸಮೇತ. ದಂಡ ಹಾಕಲಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟರು. ಎಲ್ಲರಿಗೂ ಹಾಗೆ ಆಗುವುದಿಲ್ಲ.

ಆದ್ದರಿಂದ ಅನುಮಾನವಿದ್ದುದಕ್ಕೆಲ್ಲ 'ಹೌದು' ಎಂದೇ ಬರೆಯಿರಿ. ಘೋಷಿಸಿದ ವಸ್ತುವನ್ನು ಅವರು ತೆಗೆದುಕೊಳ್ಳಬಹುದು, ಆದರೆ ದಂಡವಿಲ್ಲ, ಮುಚ್ಚಿಟ್ಟರೆ ದಂಡವಿದೆ. ಬೀರುವಿನಲ್ಲಿಡುವ ಲಾವಂಚದ ಕಟ್ಟು, ದರ್ಭೆ, ಅಡಿಕೆ ಹಾಳೆಯ ತಟ್ಟೆ, ಆಯಿಯ ಅಪ್ಪೆಮಿಡಿ ಉಪ್ಪಿನಕಾಯಿ, ಎಲ್ಲವನ್ನೂ ಹೇಳಿಬಿಡಿ. ಅಕ್ಕಿ, ಕಡಲೆ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸನ್ನು ಖಾಪ್ರಾ ಎಂಬ ಕೀಟದ ಭಯದಿಂದ ಪ್ರಯಾಣಿಕರ ಚೀಲದಲ್ಲಿ ಬಿಡುವುದೇ ಇಲ್ಲ. ಕರಿಬೇವು, ಹಾಲಿನ ಸಿಹಿತಿಂಡಿಗಳೂ ಹಾಗೆಯೇ. ಉಪ್ಪಿನಕಾಯಿಯ ಭರಣಿಯನ್ನು ಮಾತ್ರ ಸೀರೆಯ ಮಡಿಕೆಯಲ್ಲಿ ಹುದುಗಿಸಬೇಡಿ. ಅದರ ಕಥೆ ಬೇಡ, ಕಲೆ ಇನ್ನೂ ಇದೆ.

ಕಳೆದ ಬಾರಿ ಊರಿನಿಂದ ಮರಳುವಾಗ ಮಗಳು ತನ್ನ ಕಾರ್ಡನ್ನು ತಾನೇ ತುಂಬಿದಳು. ಸಾಕುಪ್ರಾಣಿಯ ಸಾಲಿನಲ್ಲಿ ದೊಡ್ಡದಾಗಿ 'ಹೌದು' ಎಂದು ಗುರುತು ಹಾಕಿ, ಅಧಿಕಾರಿ ಕೇಳುವ ಮೊದಲೇ ಗೌರಿಯ ಮೊಮ್ಮಗಳು ಈಗ ಕರು ಹಾಕಿರುವುದನ್ನೂ ಕರುವಿನ ಹಣೆಯ ಚುಕ್ಕೆಯನ್ನೂ ವಿವರಿಸತೊಡಗಿದಳು. ಅವರು ಅವಳ ಚಪ್ಪಲಿಗಳನ್ನು ಒಳಗೆ ಒಯ್ದು ತೊಳೆದು ತಂದುಕೊಟ್ಟರು. ಕಾರಿನಲ್ಲಿ ಅವಳು ಒದ್ದೆ ಅಟ್ಟೆಯನ್ನು ತಿರುತಿರುಗಿಸಿ ನೋಡುತ್ತ, ಒಂದು ಚೂರೂ ಉಳಿಸಲಿಲ್ಲವಲ್ಲ ಎಂದು ಮುನಿಸಿಕೊಂಡಿದ್ದಳು. ಚಪ್ಪಲಿಗಳನ್ನು ಸೂಟ್‌ಕೇಸಿನ ಮೇಲ್ಭಾಗದಲ್ಲೇ ಇಡಿ. ಆಗ ಅವುಗಳಿಗಾಗಿ ಉಳಿದ ಬಟ್ಟೆಗಳನ್ನೆಲ್ಲ ಕೆದಕಬೇಕಾಗುವುದಿಲ್ಲ.